ದೋಣಿ ನೀರಿಗೆ, ನೀರು ಬೇರಿಂಗಿಗೆ: ಟ್ರೇಲರ್ ಹಬ್ ಬಿಚ್ಚಿ ಜೋಡಿಸುವುದು ಹೇಗೆ

ಒಂದು ಸಂಜೆ ಮೀನು ಹಿಡಿದು ವಾಪಸ್ ಬರುತ್ತಿದ್ದೆ. ಹಿಂದೆ ಟ್ರೇಲರ್, ಅದರ ಮೇಲೆ ದೋಣಿ. ಕನ್ನಡಿಯಲ್ಲಿ ನೋಡಿದರೆ ಎಡಗಡೆ ಚಕ್ರ ಕುಡಿದವನ ಹಾಗೆ ತೂರಾಡುತ್ತಿದೆ. ಗಾಡಿ ಪಕ್ಕಕ್ಕೆ ಹಾಕಿ ಇಳಿದೆ. ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಹೊಡೆಯಿತು. ಹಬ್‌ನ, ಅಂದರೆ ಚಕ್ರದ ನಡುವಿನ ಗುಂಬದ, ಮುಚ್ಚಳ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಹೊರಗಿನ ಬೇರಿಂಗ್‌ನ ರೋಲರ್‌ಗಳು ಅವನ್ನು ಹಿಡಿದಿಡುವ ಕೇಜ್ ಬಿಟ್ಟು ಚೆಲ್ಲಾಪಿಲ್ಲಿ ಆಗಿದ್ದವು. ಒಳಗಿನ ಬೇರಿಂಗ್ ಅಂತೂ ಸ್ಪಿಂಡಲ್‌ಗೆ, ಅಂದರೆ ಹಬ್ ಕೂರುವ ಆಕ್ಸಲ್ ತುದಿಗೆ, ವೆಲ್ಡ್ ಮಾಡಿದ ಹಾಗೆ ಕಚ್ಚಿಕೊಂಡಿತ್ತು.

ಟ್ರೇಲರ್ ನನಗೆ ಮಾರಿದವರು "ಹೋದ ವರ್ಷ ತಾನೇ ಗ್ರೀಸ್ ಮಾಡಿಸಿದೀನಿ ಸಾರ್" ಅಂದಿದ್ದರು. ನಂಬಿದ್ದು ನನ್ನ ತಪ್ಪು. ಒಂದು ಸಲವಾದರೂ ಮುಚ್ಚಳ ತೆಗೆದು ನೋಡಬಹುದಿತ್ತು, ನೋಡಲಿಲ್ಲ. ಕೊನೆಗೆ ಇಡೀ ಆಕ್ಸಲ್ಲೇ ಬದಲಾಯಿಸಬೇಕಾಯಿತು. ಆವತ್ತಿನಿಂದ ಈ ಕೆಲಸ ಬೇರೆಯವರ ಕೈಗೆ ಕೊಟ್ಟಿಲ್ಲ. ಎರಡು ಚಕ್ರಕ್ಕೆ ಒಂದು ಮಧ್ಯಾಹ್ನ ಸಾಕು.

ಕೆಲಸಕ್ಕೆ ಇಳಿಯುವ ಮೊದಲು ನೀರು ಒಳಗೆ ಹೇಗೆ ಹೋಗುತ್ತದೆ ಅಂತ ಗೊತ್ತಿರಬೇಕು. ರಸ್ತೆಯಲ್ಲಿ ಓಡಿ ಓಡಿ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ದಡಕ್ಕೆ ಬಂದ ಕೂಡಲೇ ಟ್ರೇಲರನ್ನು ಹಿಂದಕ್ಕೆ ಬಿಟ್ಟು ತಣ್ಣೀರಿನಲ್ಲಿ ಮುಳುಗಿಸುತ್ತೇವೆ. ಗಾಳಿ ತಟ್ಟನೆ ಕುಗ್ಗುತ್ತದೆ. ಆ ಸೆಳೆತಕ್ಕೆ, ಗ್ರೀಸ್ ಒಳಗೇ ಉಳಿಸಿ ನೀರು ತಡೆಯುವ ಹಿಂದಿನ ರಬ್ಬರ್ ಬಳೆಯ, ಅಂದರೆ ಆಯಿಲ್ ಸೀಲ್‌ನ, ತುಟಿ ದಾಟಿ ನೀರು ಒಳಗೆ ಬರುತ್ತದೆ. ಸೀಲ್ ಸ್ವಲ್ಪ ಸವೆದಿದ್ದರಂತೂ ಕೇಳಲೇ ಬೇಡಿ. ಅದಕ್ಕೇ ದಡ ತಲುಪಿದ ಮೇಲೆ ನಾನು ಅವಸರ ಮಾಡುವುದಿಲ್ಲ. ದೋಣಿಯ ಹಗ್ಗ ಬಿಚ್ಚುವುದು, ಡ್ರೇನ್ ಪ್ಲಗ್ ಹಾಕುವುದು, ಲೈಫ್ ಜಾಕೆಟ್ ಜೋಡಿಸುವುದು ಎಲ್ಲ ಮೊದಲು. ಕೊನೆಗೆ ಹಬ್ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಬಿಸಿ ಆರಿದ್ದರೆ ಮಾತ್ರ ನೀರಿಗೆ.

ಇನ್ನೊಂದು ಮಾತು. ಬಹಳ ಜನ ದೋಣಿ ಮತ್ತೆ ಹೊರಗೆ ತೆಗೆಯುವ ಹಿಂದಿನ ವಾರ ಗ್ರೀಸ್ ಹಾಕುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ. ಹಬ್ ಒಳಗೆ ನೀರು ಸೇರಿದ್ದರೆ, ಟ್ರೇಲರ್ ನಿಂತಿರುವ ನಾಲ್ಕೈದು ತಿಂಗಳಲ್ಲೇ ತುಕ್ಕು ತನ್ನ ಕೆಲಸ ಮುಗಿಸಿರುತ್ತದೆ. ದೋಣಿಯನ್ನು ಮೂಲೆಗೆ ನಿಲ್ಲಿಸುವ ವಾರವೇ ಹಬ್ ಬಿಚ್ಚಿ. ವರ್ಷಕ್ಕೊಂದು ಸಲ ಕಡ್ಡಾಯ. ಉಪ್ಪು ನೀರಿಗೆ ಇಳಿಸುವವರು ಇನ್ನೂ ಬೇಗ ಬಿಚ್ಚಬೇಕು.

ಬಿಚ್ಚುವ ಮೊದಲು

ಟ್ರೇಲರ್ ಗಾಡಿಗೆ ಸಿಕ್ಕಿಸಿಯೇ ಇರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಆಚೆ ಕಡೆ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಡಿ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿಕೊಳ್ಳಿ. ಜಾಕ್ ಕೊಡುವುದು ಫ್ರೇಮ್‌ಗೆ, ಸ್ಪ್ರಿಂಗ್ ಹತ್ತಿರ. ಆಕ್ಸಲ್ ಕೊಳವೆಯ ನಡುವೆ ಕೊಟ್ಟರೆ ಅದು ಬಾಗುತ್ತದೆ. ಎತ್ತಿದ ಮೇಲೆ ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ. ಬರೀ ಜಾಕ್ ನಂಬಿ ಕೆಳಗೆ ಕೂರುವುದು ಬೇಡವೇ ಬೇಡ.

ಈಗ ಚಕ್ರದ ಮೇಲ್ತುದಿ ಒಂದು ಕೈಯಲ್ಲಿ, ಕೆಳತುದಿ ಇನ್ನೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು "ಟಕ್ ಟಕ್" ಅಂದರೆ ಬೇರಿಂಗ್ ಲೂಸ್ ಇದೆ, ಇಲ್ಲವೇ ಸವೆದಿದೆ. ಆಮೇಲೆ ಚಕ್ರ ತಿರುಗಿಸಿ ಬಿಟ್ಟು, ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲೆ ಇಡಿ. ಕಿವಿಗೆ ಕೇಳದ ಗರಗರ ಅಲ್ಲಿ ಕೈಗೆ ಸಿಗುತ್ತದೆ. ಚಕ್ರದ ಒಳಮೈ ಮೇಲೆ ಗ್ರೀಸ್ ಸಿಡಿದ ಕಲೆ ಇದ್ದರೆ ಸೀಲ್ ಹೋಗಿದೆ ಅಂತಲೇ ಲೆಕ್ಕ.

ಚಕ್ರ ತೆಗೆದ ಮೇಲೆ ಹಬ್‌ನ ಮುಚ್ಚಳದ ಸುತ್ತ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬಂದರೆ ಅದು ಕಳಚಿಕೊಳ್ಳುತ್ತದೆ. ಒಳಗೆ ಸ್ಪ್ಲಿಟ್ ಪಿನ್, ಕಿರೀಟದ ಹಾಗೆ ಕಚ್ಚು ಇರುವ ಕ್ಯಾಸಲ್ ನಟ್, ವಾಷರ್. ಪಿನ್ ನೇರ ಮಾಡಿ ಎಳೆಯಿರಿ, ಎಳೆದು ಬಿಸಾಕಿ. ಬಾಗಿಸಿದ ಪಿನ್ ಮತ್ತೆ ಬಾಗಿಸಿದರೆ ಮುರಿಯುತ್ತದೆ. ನಟ್, ವಾಷರ್ ತೆಗೆದು ಹಬ್ಬನ್ನು ನಿಮ್ಮ ಕಡೆಗೆ ಒಂದು ಸಲ ಜಗ್ಗಿದರೆ ಹೊರಗಿನ ಬೇರಿಂಗ್ ತಾನೇ ಮುಂದೆ ಬರುತ್ತದೆ. ಕೈ ಕೆಳಗೆ ಹಿಡಿದಿರಿ, ಮಣ್ಣಿಗೆ ಬಿದ್ದರೆ ಕೆಲಸ ಎರಡಾಗುತ್ತದೆ. ಹಬ್ ಪೂರ್ತಿ ಎಳೆದು, ತಿರುಗಿಸಿ ಇಟ್ಟು, ಹಿಂದಿನ ಸೀಲನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯಿರಿ. ಸೀಲ್ ಹಾಳಾಗುತ್ತದೆ, ಆಗಲಿ. ಹಳೆ ಸೀಲ್ ಮತ್ತೆ ಹಾಕುವ ಮಾತೇ ಇಲ್ಲ.

ಎಡದ್ದು ಬಲದ್ದು ಬೆರಸಬೇಡಿ. ಎರಡು ಡಬ್ಬಿ ಇಟ್ಟುಕೊಳ್ಳಿ. ಜೊತೆಗೆ ಓಡಿ ಸವೆದ ಬೇರಿಂಗ್ ಮತ್ತು ಅದರ ಕಪ್ (ಹಬ್ ಒಳಗೆ ಕೂತಿರುವ, ರೋಲರ್ ಉರುಳುವ ಉಕ್ಕಿನ ಬಳೆ) ಒಂದೇ ಜೋಡಿಯಾಗಿ ಉಳಿಯಬೇಕು.

ಗ್ರೀಸ್ ಏನು ಹೇಳುತ್ತದೆ

ಒರೆಸುವ ಮೊದಲು ಒಂದು ನಿಮಿಷ ಸುಮ್ನೆ ನೋಡಿ. ಗ್ರೀಸ್ ಹಾಕಿದಾಗಿನ ಬಣ್ಣದಲ್ಲೇ ಇದ್ದು ಬೆರಳಿಗೆ ನುಣ್ಣಗೆ ಹತ್ತಿದರೆ ಸೀಲ್ ಒಳ್ಳೆಯ ಕೆಲಸ ಮಾಡಿದೆ. ಹಾಲು ಬೆರೆಸಿದ ಹಾಗೆ ಬಿಳಿಚಿದ್ದರೆ ನೀರು ಸೇರಿದೆ. ಕಂದು ಬಣ್ಣ ಬಂದಿದ್ದರೆ ತುಕ್ಕು ಶುರುವಾಗಿದೆ. ಕಪ್ಪಗೆ ಗಟ್ಟಿಯಾಗಿದ್ದರೆ ಜಾಸ್ತಿ ಬಿಸಿಯಾಗಿದೆ. ಬೆರಳ ನಡುವೆ ಉಜ್ಜಿದಾಗ ಮಿಣಮಿಣ ಮಿಂಚುವ ಪುಡಿ ಸಿಕ್ಕಿದರೆ ಅದು ನಿಮ್ಮ ಬೇರಿಂಗೇ ಪುಡಿಯಾಗಿ ಬರುತ್ತಿರುವುದು.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಅದ್ದಿ ಬ್ರಷ್‌ನಿಂದ ತೊಳೆದು ಒಣಗಲು ಬಿಡಿ. ಗಾಳಿ ಹೊಡೆಯುವ ಕಂಪ್ರೆಸರ್ ಇದ್ದವರಿಗೆ ಬೇರಿಂಗನ್ನು ಅದರಿಂದ ಗಿರ್ರನೆ ತಿರುಗಿಸುವ ಆಸೆ ಬರುತ್ತದೆ. ಬೇಡ. ಗ್ರೀಸ್ ಇಲ್ಲದೆ ಆ ವೇಗಕ್ಕೆ ರೋಲರ್ ಕಿತ್ತು ಮುಖಕ್ಕೆ ಬರಬಹುದು.

ಈಗ ಬೆಳಕಿಗೆ ಹಿಡಿದು ಒಂದೊಂದೇ ರೋಲರ್ ನೋಡಿ. ಆಮೇಲೆ ಹಬ್ ಒಳಗೆ ಕೂತಿರುವ ಕಪ್. ನಾನು ಮೊದಲ ವರ್ಷ ಇಲ್ಲೇ ಏಮಾರಿದ್ದು. ಕಪ್ ಒಳಗೆ ಸಣ್ಣ ಸಣ್ಣ ಗೆರೆಗಳಿದ್ದವು, ಅಡ್ಡಕ್ಕೆ, ಒಂದಕ್ಕೊಂದು ಸಮ ದೂರದಲ್ಲಿ. ತಯಾರಿಸುವಾಗಲೇ ಬಂದ ಗುರುತು ಇರಬೇಕು ಅಂದುಕೊಂಡೆ. ಬೇರಿಂಗನ್ನು ಅದರೊಳಗೆ ಇಟ್ಟು ನೋಡಿದರೆ ಒಂದೊಂದು ಗೆರೆಗೂ ಒಂದೊಂದು ರೋಲರ್ ಸರಿಯಾಗಿ ಕೂತಿತು! ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತು, ರೋಲರ್ ಮುಟ್ಟಿದ ಕಡೆಯೆಲ್ಲ ನೀರು ತುಕ್ಕು ಕೊರೆದಿತ್ತು. ಗೆರೆಯ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಆ ಕಪ್ಪೂ ಬೇರಿಂಗೂ ಎರಡೂ ಹೊರಗೆ. ಹಳೆ ಕಪ್‌ಗೆ ಹೊಸ ಬೇರಿಂಗ್ ಹಾಕುವುದು ಬೇಡ, ಜೋಡಿಯಾಗಿಯೇ ಬದಲಾಯಿಸಿ. ನೀಲಿ ಬಣ್ಣಕ್ಕೆ ತಿರುಗಿದ ಉಕ್ಕು ಕಂಡರೂ ಅಷ್ಟೇ. ಸ್ಪಿಂಡಲ್ಲೇ ನೀಲಿಯಾಗಿದ್ದರೆ ಅದರ ಗಟ್ಟಿತನ ಹೋಗಿದೆ, ಪಾಲಿಶ್ ಮಾಡಿ ಉಳಿಸಿಕೊಳ್ಳಲು ನೋಡಬೇಡಿ.

ಹೊಸದು ತರುವಾಗ "ಟ್ರೇಲರ್ ಬೇರಿಂಗ್ ಕೊಡಿ" ಅಂದರೆ ಆಗುವುದಿಲ್ಲ. ನಂಬರ್ ಬೇರಿಂಗ್ ಮುಖದ ಮೇಲೇ ಕೆತ್ತಿರುತ್ತದೆ. 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ ಹೊರುವ ಬಹಳಷ್ಟು ಆಕ್ಸಲ್‌ಗಳಲ್ಲಿ ಒಳಗಿನದು ಎಲ್ 68149, ಅದರ ಕಪ್ ಎಲ್ 68110. ಹೊರಗಿನದು ಎಲ್ 44649, ಕಪ್ ಎಲ್ 44610. ನನ್ನದೂ ಅದೇ. ಆದರೆ ನಿಮ್ಮದರ ನಂಬರ್ ಓದಿಯೇ ತನ್ನಿ. ನಂಬರ್ ಅಳಿಸಿಹೋಗಿದ್ದರೆ ವರ್ನಿಯರ್‌ನಿಂದ ಸ್ಪಿಂಡಲ್ ಅಳೆಯಿರಿ. ಈ ಎರಡರ ಒಳ ಅಳತೆ ಸುಮಾರು 35 ಮತ್ತು 27 ಮಿಲಿಮೀಟರ್.

ಹಳೆ ಕಪ್ ಹೊಡೆದು ತೆಗೆಯಲು ಹಬ್‌ನ ಎದುರು ಬದಿಯಿಂದ ಹಿತ್ತಾಳೆ ಪಂಚ್ ಇಟ್ಟು, ಒಂದು ಏಟು ಈ ಕಡೆ, ಒಂದು ಏಟು ಆ ಕಡೆ. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೊಸ ಕಪ್ಪನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿ ಇಟ್ಟಿದ್ದರೆ ಕೂದಲೆಳೆಯಷ್ಟು ಕುಗ್ಗಿರುತ್ತದೆ, ಸಲೀಸಾಗಿ ಕೂರುತ್ತದೆ. ಹೊಡೆಯಲು ಹಳೆ ಕಪ್ಪನ್ನೇ ಬಳಸುತ್ತೇನೆ. ಅದರ ಹೊರಮೈಯನ್ನು ಗ್ರೈಂಡರ್‌ನಲ್ಲಿ ಸ್ವಲ್ಪ ಉಜ್ಜಿಕೊಂಡರೆ ಒಳಗೆ ಕಚ್ಚಿಕೊಳ್ಳುವುದಿಲ್ಲ. ಕಪ್ ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ. ಬೊದ್ದು ಸದ್ದು ಹೋಗಿ "ಠಣ್" ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ.

ಗ್ರೀಸ್ ತುಂಬುವುದು

ನೀರು ತಡೆಯುವ, ಎನ್‌ಎಲ್‌ಜಿಐ 2 ದರ್ಜೆಯ (ಇದು ಗ್ರೀಸಿನ ಗಟ್ಟಿತನದ ಅಳತೆ) ಮರೀನ್ ಗ್ರೀಸ್ ತೆಗೆದುಕೊಳ್ಳಿ. ಬಣ್ಣ ನೋಡಿ ಆರಿಸಬೇಡಿ, ಡಬ್ಬಿಯ ಮೇಲಿರುವುದು ಓದಿ. ಒಂದು ಜಾತಿಯ ಗ್ರೀಸ್ ಮೇಲೆ ಇನ್ನೊಂದು ಜಾತಿ ಹಾಕಬೇಡಿ. ಲಿಥಿಯಂಗೂ ಪಾಲಿಯೂರಿಯಾಗೂ ಸಾಮಾನ್ಯವಾಗಿ ಹೊಂದುವುದಿಲ್ಲ, ಬೆರೆತರೆ ತೆಳ್ಳಗಾಗಿ ಸೋರಬಹುದು.

ಎಡ ಅಂಗೈಯಲ್ಲಿ ನಿಂಬೆ ಗಾತ್ರದ ಗ್ರೀಸ್ ಇಟ್ಟುಕೊಳ್ಳಿ. ಬೇರಿಂಗ್‌ನ ಅಗಲದ ಬದಿ ಕೆಳಗೆ ಮಾಡಿ, ಅದರ ಅಂಚನ್ನು ಗ್ರೀಸ್ ಒಳಗೆ ಒತ್ತಿ ಅಂಗೈ ಕಡೆಗೆ ಎಳೆಯಿರಿ. ಒತ್ತಿ, ಎಳೆಯಿರಿ, ಮತ್ತೆ ಒತ್ತಿ. ಹತ್ತಿಪ್ಪತ್ತು ಸಲ ಆದ ಮೇಲೆ ಮೇಲ್ಗಡೆ ರೋಲರ್‌ಗಳ ಸಂದಿಯಿಂದ ಹೊಸ ಗ್ರೀಸ್ ಸಣ್ಣ ಹುಳುಗಳ ಹಾಗೆ ಎದ್ದು ಬರುತ್ತದೆ. ಬಂದ ಮೇಲೆ ಸ್ವಲ್ಪ ತಿರುಗಿಸಿ ಮುಂದಿನ ಜಾಗ. ಸುತ್ತು ಪೂರ್ತಿಯಾಗಬೇಕು. ಮೇಲೆ ಮೇಲೆ ಬಳಿದರೆ ಒಳಗೆ ಹೋಗುವುದೇ ಇಲ್ಲ. ಇದಕ್ಕೆ ಅಂತ ಪ್ಯಾಕರ್ ಸಿಗುತ್ತದೆ, ನನ್ನ ಹತ್ತಿರವೂ ಒಂದಿದೆ, ಧೂಳು ತಿನ್ನುತ್ತಿದೆ. ಕೈಗೆ ಗೊತ್ತಾಗುವಷ್ಟು ಅದಕ್ಕೆ ಗೊತ್ತಾಗುವುದಿಲ್ಲ.

ಸೀಲ್ ಉಜ್ಜುವ ಜಾಗದಲ್ಲಿ ಸ್ಪಿಂಡಲ್ ಮೇಲೆ ಬೆರಳಾಡಿಸಿ. ಸಣ್ಣ ತುಕ್ಕಿದ್ದರೆ ನುಣುಪಾದ ಎಮರಿ ಕಾಗದದಿಂದ ಉಜ್ಜಿ ತೆಗೆಯಬಹುದು. ಸವೆದು ಗೀರು ಬಿದ್ದಿದ್ದರೆ ಹೊಸ ಸೀಲೂ ನೀರು ತಡೆಯುವುದಿಲ್ಲ, ಅದರ ಮೇಲೆ ತೆಳು ಸ್ಟೇನ್‌ಲೆಸ್ ಸ್ಲೀವ್ ಕೂರಿಸಬೇಕಾಗುತ್ತದೆ. ಸೀಲ್ ಎರಡು ತುಟಿಯದ್ದೇ ಇರಲಿ. ಒಳಗಿನ ಬೇರಿಂಗ್ ಹಬ್‌ನಲ್ಲಿ ಇಟ್ಟು, ಸೀಲ್‌ನ ಸ್ಪ್ರಿಂಗ್ ಇರುವ ಬದಿ ಹಬ್ ಒಳಗೆ ಬರುವಂತೆ ಇಟ್ಟು, ಮೇಲೆ ಮರದ ತುಂಡು ಇಟ್ಟು ಸಮನಾಗಿ ತಟ್ಟಿ. ತುಟಿಗೆ ಒಂದು ಬೆರಳು ಗ್ರೀಸ್ ಸವರಿ.

ಇನ್ನು ನಟ್. ಹಬ್ ಏರಿಸಿ, ಹೊರ ಬೇರಿಂಗ್, ವಾಷರ್, ನಟ್ ಹಾಕಿ. ಒಂದು ಕೈಯಲ್ಲಿ ಹಬ್ ತಿರುಗಿಸುತ್ತಾ ನಟ್ ಬಿಗಿ ಮಾಡಿ, ಸುಮಾರು 50 ಫುಟ್ ಪೌಂಡ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದಡಿ ಉದ್ದದ ಸ್ಪ್ಯಾನರ್‌ಗೆ ಒಂದು ಕೈಯ ಪೂರ್ತಿ ಬಲ. ಇದು ಬೇರಿಂಗ್ ಸರಿಯಾಗಿ ಕೂರಲಿ ಅಂತ ಅಷ್ಟೇ. ಹಾಗೇ ಬಿಟ್ಟರೆ ಬೇರಿಂಗ್ ಸುಟ್ಟೇ ಹೋಗುತ್ತದೆ. ಈಗ ಹಬ್ ತಿರುಗಿಸದೆ ನಟ್ಟನ್ನು ಪೂರ್ತಿ ಸಡಿಲ ಮಾಡಿ, ಮತ್ತೆ ಬೆರಳಿನಲ್ಲಿ ಮಾತ್ರ ಬಿಗಿ ಮಾಡಿ. ಪಿನ್ ತೂತು ಸರಿಹೊಂದದಿದ್ದರೆ ಮುಂದಕ್ಕೆ ಎಳೆಯಬೇಡಿ, ಮೊದಲು ಸಿಗುವ ಕಚ್ಚಿನವರೆಗೆ ಹಿಂದಕ್ಕೆ ಬಿಡಿ. ಹಬ್ ಜಗ್ಗಿದಾಗ ಇದೆಯೋ ಇಲ್ಲವೋ ಅನ್ನುವಷ್ಟು ಆಟ ಇರಬೇಕು, ಲೆಕ್ಕದಲ್ಲಿ 0.025ರಿಂದ 0.25 ಮಿಲಿಮೀಟರ್. ಬಿಗಿಯಾಗಿದ್ದರೆ ಗಟ್ಟಿ ಅಂತ ಅನ್ನಿಸುತ್ತದೆ ಅಲ್ವಾ? ಇಂಥ ಓರೆ ರೋಲರ್ ಇರುವ ಟೇಪರ್ ಬೇರಿಂಗ್ ವಿಷಯದಲ್ಲಿ ಆ ಅನಿಸಿಕೆ ನಂಬಬೇಡಿ. ಹೊಸ ಪಿನ್ ಹಾಕಿ, ಕಾಲು ಎರಡೂ ಬಾಗಿಸಿ, ಮುಚ್ಚಳ ತಟ್ಟಿ.

ಮುಚ್ಚಳದ ಬದಲು ಸ್ಪ್ರಿಂಗ್ ಇರುವ, ಗ್ರೀಸ್ ತುಂಬುವ ಮುಚ್ಚಳ, ಬೇರಿಂಗ್ ಬಡ್ಡಿ (Bearing Buddy) ಥರದ್ದು ಹಾಕಿದ್ದರೆ ಒಳ್ಳೆಯದೇ, ಒಳಗೆ ಸ್ವಲ್ಪ ಒತ್ತಡ ಇಟ್ಟು ನೀರು ಬರದಂತೆ ನೋಡಿಕೊಳ್ಳುತ್ತದೆ. ಆದರೆ ಪ್ರತಿ ಸಲ ಗ್ರೀಸ್ ಗನ್ ಹಿಡಿದು ಜೋರಾಗಿ ಹೊಡೆಯುವವರಿದ್ದಾರೆ. ಹೆಚ್ಚಾದ ಗ್ರೀಸ್ ಹಿಂದಿನ ಸೀಲನ್ನೇ ತಳ್ಳಿಬಿಡುತ್ತದೆ. ಅದರ ಮುಂಭಾಗದ, ಸ್ಪ್ರಿಂಗ್ ಒತ್ತುವ ತಟ್ಟೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಾಡಿದರೆ ಗ್ರೀಸ್ ಸಾಕು. ಇದು ಇದೆ ಅಂತ ವರ್ಷಕ್ಕೊಮ್ಮೆ ಬಿಚ್ಚುವುದನ್ನು ಬಿಡಬೇಡಿ.

ಆಕ್ಸಲ್

ಟೈರ್ ನೋಡಿದರೆ ಆಕ್ಸಲ್ ಕಥೆ ಗೊತ್ತಾಗುತ್ತದೆ. ಒಂದೇ ಅಂಚು ಸವೆಯುತ್ತಿದ್ದರೆ ಆಕ್ಸಲ್ ಅಥವಾ ಸ್ಪಿಂಡಲ್ ಬಾಗಿರಬಹುದು. ಎರಡೂ ಟೈರ್‌ಗಳ ನಡುವಿನ ದೂರವನ್ನು ಮುಂದೆ ಒಂದು ಸಲ, ಹಿಂದೆ ಒಂದು ಸಲ, ಒಂದೇ ಎತ್ತರದಲ್ಲಿ ಅಳೆಯಿರಿ. ಎರಡಕ್ಕೂ ಎದ್ದು ಕಾಣುವ ವ್ಯತ್ಯಾಸ ಬಂದರೆ ಅನುಮಾನ ನಿಜ. ಆಕ್ಸಲ್ ನಡುವೆ ಸ್ವಲ್ಪ ಮೇಲಕ್ಕೆ ಕಮಾನಾಗಿದ್ದರೆ ಹೆದರಬೇಡಿ, ಹಲವು ಆಕ್ಸಲ್‌ಗಳನ್ನು ಹಾಗೆಯೇ ಮಾಡಿರುತ್ತಾರೆ. ಯು ಬೋಲ್ಟ್ ಕೆಳಗೆ, ಸ್ಪ್ರಿಂಗ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ. ತುಕ್ಕಿನ ಹಳಕು ಉದುರುತ್ತಾ ಲೋಹ ಒಳಗೆ ಬಗ್ಗಿದರೆ ಆಕ್ಸಲ್ ಬದಲಾಯಿಸುವ ಕಾಲ ಬಂದಿದೆ. ಸ್ಪ್ರಿಂಗ್ ಇಲ್ಲದ, ಒಳಗೆ ರಬ್ಬರ್ ಇರುವ ಟಾರ್ಷನ್ ಆಕ್ಸಲ್ ಆದರೆ ರಬ್ಬರ್ ಸತ್ತ ಮೇಲೆ ರಿಪೇರಿ ಇಲ್ಲ. ಉಪ್ಪು ನೀರಿನಿಂದ ಬಂದ ದಿನ ಸಿಹಿನೀರಿನಲ್ಲಿ ಎಲ್ಲ ತೊಳೆಯಿರಿ, ಸ್ಪ್ರಿಂಗ್ ಪ್ಲೇಟುಗಳ ಸಂದಿಯನ್ನೂ ಸೇರಿಸಿ.

ಜೋಡಿಸಿದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎರಡೂ ಹಬ್ ಮುಟ್ಟಿ ನೋಡಿ. ಬೆಚ್ಚಗಿರುವುದು ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಇಲ್ಲವೇ ಒಂದು ತಣ್ಣಗೆ ಒಂದು ಬಿಸಿ ಇದ್ದರೆ, ನಟ್ ಮತ್ತೆ ನೋಡಿ. ಚಕ್ರದ ನಟ್‌ಗಳನ್ನೂ ಎಂಬತ್ತು ಕಿಲೋಮೀಟರ್ ಒಳಗೆ ಇನ್ನೊಮ್ಮೆ ಬಿಗಿ ಮಾಡಿ.

ದೋಣಿಯ ಸೀಟಿನ ಕೆಳಗೆ ನನ್ನ ಹತ್ತಿರ ಒಂದು ಇಡೀ ಹಬ್ ಇದೆ. ಕಪ್ ಕೂರಿಸಿ, ಬೇರಿಂಗ್‌ಗೆ ಗ್ರೀಸ್ ತುಂಬಿ, ಸೀಲ್ ಹಾಕಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಜೊತೆಗೆ ನಟ್, ವಾಷರ್, ನಾಲ್ಕು ಸ್ಪ್ಲಿಟ್ ಪಿನ್, ಒಂದು ಬಟ್ಟೆ. ಬೇರಿಂಗ್ ನಂಬರ್‌ಗಳನ್ನು ಟ್ರೇಲರ್‌ನ ಮೂತಿಯ ಒಳಬದಿಯಲ್ಲಿ ಪೇಂಟ್ ಪೆನ್ನಿನಿಂದ ಬರೆದಿದ್ದೇನೆ, ಅದರ ಕೆಳಗೆ ಗ್ರೀಸ್ ಹಾಕಿದ ತಿಂಗಳು. ಪ್ರತಿ ವರ್ಷ ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆಯುತ್ತೇನೆ. ಈಗ ಅಲ್ಲಿ ಆರು ಸಾಲು ಇವೆ.