ಲೋಕಕ್ಕ ಒಂದು ರೂಲ್ ಇಟ್ವಿ, ಕಥಿ ಅದರಾಗಿಂದ ಬಂತು (ನನ್ನ ಅನುಭವ)

ನಮ್ಮ ಸೈಫೈ ಶಾರ್ಟ್ ಫಿಲ್ಮ್ ರಫ್ ಕಟ್ (ಮೊದಲ ಕಚ್ಚಾ ಎಡಿಟ್) ನೋಡಿದೋರೆಲ್ಲ ಕೇಳೋದು ಒಂದೇ, ಗ್ರಾಫಿಕ್ಸ್ ಇಲ್ದ ಆ ಲೋಕ ಹೆಂಗ ಕಟ್ಟಿದ್ರಿ ಅಂತ. ಕೊಪ್ಪಳದೋರಿಗೆ ಅದು ಕಷ್ಟ ಅಲ್ರಿ, ಬ್ಯಾಸಿಗ್ಯಾಗ ತುಂಗಭದ್ರಾ ಹಿನ್ನೀರು ಇಳಿದ ಮ್ಯಾಲೆ ಬಿರುಕು ಬಿಟ್ಟ ಆ ಹೂಳಿನಾಗ ಕ್ಯಾಮೆರಾ ಇಟ್ರ ಸಾಕು. ಡ್ಯಾಂ ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕ ಬಂದೈತಿ, ನಾನು ಆ ಲೆಕ್ಕಾನ ಮುಂದಕ್ಕ ಎಳದು ಹೂಳೇ ತುಂಬಿದ ಕಾಲ ಇಟ್ಕೊಂಡೆ.

ಆದ್ರ ಲೋಕ ಛಂದ ಇದ್ರ ಕಥಿ ತಾನಾಗೇ ಬರ್ತೈತಿ ಅನ್ನೋದನ್ನ ನಾನು ಒಪ್ಪಂಗಿಲ್ಲ. ನಾನು ಮಾಡಿದ್ದು ಹಿಂಗ, ಮೊದ್ಲು ಒಂದು ರೂಲ್ ಬರದೆ, ಕಾಲುವಿ ತೂಬು ತೆರೀಬೇಕಂದ್ರ ಮನಿ ಯಜಮಾನನ ಹೆಬ್ಬೆಟ್ಟು ಬೇಕು, ಅದೂ ಮಷೀನಿಗೆ ನಾಡಿ ಸಿಗಬೇಕು, ಅಂದ್ರ ಆತ ಜೀವಂತ ಇರಬೇಕು. ಈ ರೂಲಿಂದ ಯಾರ ಮನಿ ಮುರೀತೈತಿ ಅಂತ ಹುಡುಕ್ತಾ ಹೋದೆ. ನೀರಿನ ಪಾಳಿ ಬಂದ ರಾತ್ರಿನೇ ಅಪ್ಪಗ ಉಸಿರು ಹತ್ತೈತಿ, ಮಗಳು ದವಾಖಾನಿಗೆ ಒಯ್ಯೋಣ ಅಂತಾಳ, ಮಗ ತೂಬಿಗೆ ಅಂತಾನ, ಎರಡೂ ಎದುರುಬದುರು ದಾರಿ, ಅಪ್ಪ ತಾನೇ ತೂಬಿಗೆ ನಡೀರಿ ಅಂತಾನ. ಇಷ್ಟು ಸಿಕ್ಕ ಮ್ಯಾಲೆ ಸ್ಕ್ರಿಪ್ಟ್ ಓಡ್ತು.

ಉಳಿದದ್ದನ್ನ ಯಾರ ಬಾಯಿಂದನೂ ಹೇಳಿಸಿಲ್ಲ. ಅಂಗಳದಾಗ ಹರಿಗೋಲು ಬೋರಲು ಹಾಕೈತಿ, ಕೆಳಗ ಕರು ಕಟ್ಟ್ಯಾರ, ಹೊಳಿ ಹೋಗಿ ಎಷ್ಟು ವರ್ಷ ಆತು ಅನ್ನೋದು ನೋಡೋರಿಗೆ ತಿಳೀತೈತಿ. ಎಡಿಟರ್ ಮಾತ್ರ ಶುರುವಿಗೆ ಒಂದು ವಾಯ್ಸ್ ಓವರ್ (ಹಿನ್ನೆಲಿ ಮಾತು) ಹಾಕೋಣ ಅಂತ ಭಾಳ ಹಠ ಹಿಡದ. ಬ್ಲೇಡ್ ರನ್ನರ್ 1982ರಾಗ ಥಿಯೇಟರಿಗೆ ಬಂದಾಗ ಹೀರೋನ ವಾಯ್ಸ್ ಓವರ್ ಇತ್ತು, 1992ರ ಡೈರೆಕ್ಟರ್ಸ್ ಕಟ್‌ನಾಗ ಅದನ್ನ ತಗದ್ರು, ಎರಡೂ ತೋರಿಸಿದೆ, ಸುಮ್ನಾದ. 1979ರ ಏಲಿಯನ್ ಸಿನಿಮಾದಾಗೂ ಅಷ್ಟೇ ನೋಡ್ರಿ, ಬಾಹ್ಯಾಕಾಶ ಹಡಗಿನ ಮಂದಿ ನಿದ್ದಿಯಿಂದ ಎದ್ದು ಊಟಕ್ಕ ಕುಂತಲ್ಲೇ ಬೋನಸ್ ಜಗಳ ತಗೀತಾರ, ಕಂಪನಿ ಅವರನ್ನ ಹೆಂಗ ಇಟ್ಟೈತಿ ಅನ್ನೋದು ಆ ಜಗಳದಾಗೇ ಬರ್ತೈತಿ, ಅದಕ್ಕಂತ ಬ್ಯಾರೆ ಸೀನ್ ಇಲ್ಲ. ನಂಗ ಆ ಸೀನ್ ಕಂಡ್ರ ಈಗಲೂ ಭಾಳ ಪ್ರೀತಿ.

ಬಟ್ಟಿ, ಲೈಟು ಎಲ್ಲಾ ಊರಾಗಿನವೇ, ಅದರಾಗ ಹೇಳೂವಂಥದ್ದೇನಿಲ್ಲ. ಈಗ ಸೌಂಡ್ ಕೆಲಸ ನಡದೈತಿ. ನಮ್ಮ ಕಥಿ ಕಾಲದಾಗ ಪಂಪ್‌ಸೆಟ್ಟೇ ಇಲ್ಲ, ಆದ್ರ ರಾತ್ರಿ ಶೂಟ್ ಮಾಡಿದ ಕಡೆಯೆಲ್ಲ ದೂರದ ಮೋಟರ್ ಗುಂಯ್ ಅನ್ನೋದು ಟ್ರ್ಯಾಕ್‌ನಾಗ ಕುಂತೈತಿ, ಅದನ್ನೆಲ್ಲ ತಗದು ಅಪ್ಪ, ಮಗ, ಮಗಳು ಮೂರೂ ಮಂದಿ ಮಾತು ಮತ್ತ ಡಬ್ ಮಾಡಾಕ ಹತ್ತೀವಿ.