ಗರಿ ಬೀಸಿದ್ರೆ ಕಥೆ ಮುಗೀತು

ಮಕ್ಕಳಿಗಾಗಿ ನಾನು ಬರೆದ ಮೊದಲ ಹಾಡು-ಕುಣಿತದ ನಾಟಕದಲ್ಲಿ 11 ಹಾಡುಗಳಿದ್ದವು. ಬೇಸಿಗೆ ಶಿಬಿರದಲ್ಲಿ 26 ಮಕ್ಕಳು, ಎಲ್ಲರಿಗೂ ಹಾಡು ಬೇಕು. ಅಪ್ಪ ಅಮ್ಮಂದಿರಿಗೆ ಇನ್ನೂ ಜಾಸ್ತಿ ಬೇಕು. ಕಥೆ ಇಷ್ಟೇ: ಊರಿನ ಮಳೆಯನ್ನು ಮೋಡದ ರಾಜ ಬಚ್ಚಿಟ್ಟಿದ್ದಾನೆ. ಅಜ್ಜಿ ಕೊಟ್ಟ ನವಿಲುಗರಿ ಹಿಡಿದು ಗೌರಿ ಅದನ್ನು ತರಲು ಹೊರಡುತ್ತಾಳೆ.

ಮೊದಲ ರನ್ ಥ್ರೂಗೆ, ಅಂದರೆ ಇಡೀ ನಾಟಕವನ್ನು ಒಮ್ಮೆ ಆಡಿ ನೋಡೋ ತಾಲೀಮಿಗೆ, ಅಕ್ಕಪಕ್ಕದ ಮನೆ ಮಕ್ಕಳನ್ನು ಕೂರಿಸಿದ್ದೆವು. ಬಾಗಿಲು ಮುಚ್ಚಿತ್ತು, ಗರಿ ಬೀಸಿದಳು, ತೆರೆಯಿತು. ಹೊಳೆ ಅಡ್ಡ ಬಂತು, ಗರಿ ಬೀಸಿದಳು, ಬತ್ತಿತು. ಕೊನೆಗೆ ರಾಜ ಅವಳನ್ನು ಸೆರೆಯಲ್ಲಿಟ್ಟ. ಹಾರ್ಮೋನಿಯಂ ಮೇಷ್ಟ್ರು ಕಣ್ಣೀರು ಬರುವ ಹಾಗೆ ನುಡಿಸುತ್ತಿದ್ದರು. ಆಗ ಮುಂದಿನ ಸಾಲಿನ ಒಬ್ಬ ಹುಡುಗ, "ಅಂಕಲ್, ಗರಿ ಅವಳ ಜಡೆಯಲ್ಲೇ ಇದೆ, ಬೀಸೋಕೆ ಹೇಳಿ" ಅಂದ.

ಎಲ್ಲರೂ ನಕ್ಕರು. ನಾನೂ ಸುಮ್ನೆ ನಕ್ಕೆ. ಮನೆಗೆ ಹೋದ ಮೇಲೆ ನಗು ಬರಲಿಲ್ಲ. ಮಾಯೆಯ ಕಥೆಯಲ್ಲಿ ಏನು ಬೇಕಾದರೂ ಆಗಬಹುದು ಅಂದುಕೊಂಡಿದ್ದೆ. ಏನು ಬೇಕಾದರೂ ಆಗೋದಾದ್ರೆ ಮಗು ಯಾಕೆ ಹೆದರಬೇಕು, ಅಲ್ವಾ?

ಆ ರಾತ್ರಿ ಪೆನ್ಸಿಲ್ ಹಿಡಿದು ಒಂದೊಂದೇ ಹಾಡು ಹೊಡೆದುಹಾಕಿ ಉಳಿದದ್ದನ್ನು ಓದಿದೆ. ಏಳು ಹಾಡು ಹೋದರೂ ಕಥೆಗೆ ಏನೂ ಆಗಲಿಲ್ಲ! ಹಾಡು ಮುಗಿದಾಗಲೂ ಗೌರಿ ಅದು ಶುರುವಾದ ಜಾಗದಲ್ಲೇ ನಿಂತಿರುತ್ತಿದ್ದಳು. 1939ರ 'ದಿ ವಿಝರ್ಡ್ ಆಫ್ ಆಝ್' ಸಿನಿಮಾದಲ್ಲಿ ಬಿರುಗಾಳಿಗೆ ಮೊದಲು ಕಥೆಯ ಹುಡುಗಿ ಡೊರೊತಿ ಕಾಮನಬಿಲ್ಲಿನ ಹಾಡು ಹಾಡುತ್ತಾಳಲ್ಲ, ಪ್ರಿವ್ಯೂ ಆದ ಮೇಲೆ ಸ್ಟುಡಿಯೋದವರು ಅದನ್ನೇ ಕತ್ತರಿಸಿದ್ದರು. ಆಮೇಲೆ ವಾಪಸ್ ಸೇರಿಸಿದರು. ಆ ಹಾಡಿಲ್ಲದಿದ್ದರೆ ಅವಳ ಮನಸ್ಸು ಎಲ್ಲಿಗೆ ಹಾತೊರೆಯುತ್ತಿತ್ತು ಅನ್ನೋದೇ ನಮಗೆ ಗೊತ್ತಾಗುತ್ತಿರಲಿಲ್ಲ. ನನ್ನ ಗೌರಿಗೆ ಅಂಥ ಒಂದು ಹಾಡೂ ಇರಲಿಲ್ಲ.

ಏಳರಲ್ಲಿ ಆರನ್ನು ಬಿಟ್ಟೆ. ಕಪ್ಪೆಗಳ ಹಾಡು ಬಿಡಲಾಗಲಿಲ್ಲ, ಚಿಕ್ಕ ಮಕ್ಕಳಿಗೆ ಇದ್ದದ್ದು ಅದೊಂದೇ. ಹಾಗಾಗಿ ಕಪ್ಪೆಗಳು ಹಾಡುತ್ತಾ ಗೌರಿಗೆ ತಪ್ಪು ದಾರಿ ತೋರಿಸುವ ಹಾಗೆ ಮಾಡಿದೆ.

ಇನ್ನು ಗರಿ. ಹೊಸದಾಗಿ ಅಜ್ಜಿಯದೊಂದು ಆರು ಸಾಲಿನ ಜೋಗುಳ ಬರೆದೆ. ಗೌರಿ ಒಂದು ಸಲ ಗರಿ ಬೀಸಿದರೆ ಅದರ ಒಂದು ಸಾಲು ಮರೆತುಹೋಗುತ್ತದೆ. ದಾರಿಯುದ್ದಕ್ಕೂ ಅವಳು ಅದನ್ನೇ ಹಾಡಿಕೊಳ್ಳುತ್ತಾಳೆ. ಮರೆತ ಸಾಲು ಬಂದಾಗ ಬಾಯಿ ತೆರೆದೇ ಇರುತ್ತದೆ, ಮೇಷ್ಟ್ರ ಹಾರ್ಮೋನಿಯಂ ಮಾತ್ರ ಕೇಳುತ್ತದೆ. ಗೌರಿ ಆಡುತ್ತಿದ್ದ ಹುಡುಗಿಗೆ ಹೀಗೆ ಸುಮ್ಮನೆ ನಿಲ್ಲೋದು ಕಷ್ಟವಾಯಿತು. ಎರಡು ದಿನ ಬರೀ ಅದನ್ನೇ ಮಾಡಿಸಿದೆವು.

ಒಂದು ಹಾಡು ಕೇಳಿ ರಾಜ ಒಳ್ಳೆಯವನಾಗುವ ದೃಶ್ಯವನ್ನು ಸರಿ ಮಾಡಲು ಟೈಮ್ ಸಿಗಲಿಲ್ಲ. ಅದು ಇಂದಿಗೂ ಸಪ್ಪೆಯೇ.

ಪ್ರದರ್ಶನದ ದಿನ ಸೆರೆಮನೆ ದೃಶ್ಯಕ್ಕೆ ಬರುವ ಹೊತ್ತಿಗೆ ಗೌರಿಯ ಬಳಿ ಒಂದೇ ಸಾಲು ಉಳಿದಿತ್ತು. ಅವಳು ಜಡೆಯಿಂದ ಗರಿ ತೆಗೆದಳು. ಅದೇ ಹುಡುಗ ಮುಂದಿನ ಸಾಲಿನಲ್ಲಿ ಎದ್ದು ನಿಂತು, "ಬೇಡ, ಬೀಸಬೇಡ!" ಎಂದು ಕೂಗಿದ.