ಹಳೆಯ ಫಿಲ್ಮ್ ಎಸ್‌ಎಲ್‌ಆರ್: ಮೊದಲ ರೀಲು ಹಾಕುವ ಮುನ್ನ

ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ 1964ರದು, ಮಿನೋಲ್ಟಾ ಎಸ್‌ಆರ್‌ಟಿ 101 ಬಂದದ್ದು 1966ರಲ್ಲಿ. ಪೆಂಟಾಕ್ಸ್ ಕೆ1000 ಅಂತೂ 1976ರಿಂದ 1997ರವರೆಗೂ ತಯಾರಾಗುತ್ತಲೇ ಇತ್ತು. ಇವೆಲ್ಲ ಎಸ್‌ಎಲ್‌ಆರ್, ಅಂದರೆ ಚಿತ್ರ ತೆಗೆಯುವ ಲೆನ್ಸಿನಿಂದಲೇ ಕನ್ನಡಿಯ ಮೂಲಕ ನೋಡುವ ಕ್ಯಾಮೆರಾಗಳು. ಇಂಥ ಪೂರ್ತಿ ಮೆಕ್ಯಾನಿಕಲ್ ಬಾಡಿಗಳು (ಲೆನ್ಸ್ ಬಿಟ್ಟ ಕ್ಯಾಮೆರಾ ಭಾಗ) ದಶಕಗಟ್ಟಲೆ ಬೀರುವಿನಲ್ಲಿ ಕೂತಿದ್ದರೂ ಒಮ್ಮೆಲೇ ಸಾಯುವುದು ಅಪರೂಪ. ಕೆಡುವುದು ಹೆಚ್ಚಾಗಿ ಸ್ಪಂಜು, ಸೆಲ್, ಗ್ರೀಸು. ಮೂರೂ ಅಗ್ಗದ ಸಾಮಾನು. ಆಸೆ ಬಿಡಬೇಕಾದದ್ದು ಗಾಜು ಕೆಟ್ಟಾಗ. ಹಾಗಾಗಿ ಪರೀಕ್ಷೆ ಲೆನ್ಸಿನಿಂದಲೇ ಶುರುವಾಗಲಿ, ಮಾರುವವರು ಒರೆಸಿ ಹೊಳಪು ಬರಿಸಿದ ಬಾಡಿಯಿಂದಲ್ಲ.

ಲೆನ್ಸ್

ಲೆನ್ಸನ್ನು ಬಾಡಿಯಿಂದ ಬಿಡಿಸಿ, ಅಪರ್ಚರ್ (ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಲಗುಗಳು) ಪೂರ್ತಿ ತೆರೆದು, ಒಂದು ತುದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಧೂಳಿನ ಕಣಗಳು ಎಲ್ಲ ಹಳೆಯ ಲೆನ್ಸಿನಲ್ಲೂ ಇರುತ್ತವೆ, ಅವು ಚಿತ್ರದಲ್ಲಿ ಮೂಡುವುದಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲ ಕಳೆದ ಲೆನ್ಸುಗಳಿಗೆ ಇದು ಸಾಮಾನ್ಯ ಕಾಯಿಲೆ. ತೆಳುವಾಗಿ ಹಬ್ಬಿದ್ದರೆ ರಿಪೇರಿಯವರು ಬಿಚ್ಚಿ ಒರೆಸಿಕೊಡುತ್ತಾರೆ. ಬೂಷ್ಟು ಬಿಡುವ ಆಮ್ಲ ಕೋಟಿಂಗನ್ನು ಕೊರೆದಿದ್ದರೆ ಮಾತ್ರ ಆ ಗುರುತು ಹೋಗುವುದಿಲ್ಲ. ಎದುರು ಬೆಳಕಿನಲ್ಲಿ ಚಿತ್ರ ಮಂಕಾಗುತ್ತದೆ. ಅಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಆಮೇಲೆ ಅಪರ್ಚರನ್ನು ಎಫ್ 16ಕ್ಕೆ, ಅಂದರೆ ಕಿರಿದಾದ ಕಿಂಡಿಗೆ ತಿರುಗಿಸಿ, ಹಿಂಬದಿಯ ಲಿವರ್ ಅಥವಾ ಪಿನ್ ಒತ್ತಿ ಬಿಡಿ. ಅಲಗುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಚಲಿಸಬೇಕು. ನಿಧಾನವಾಗಿ ತೆವಳಿದರೆ ಅವುಗಳ ಮೇಲೆ ಎಣ್ಣೆ ಹರಡಿದೆ ಎಂದರ್ಥ. ಶಟರ್ ತೆರೆಯುವ ಹೊತ್ತಿಗೆ ಅಲಗು ಮುಚ್ಚಿರುವುದಿಲ್ಲ, ಚಿತ್ರ ಅತಿಯಾಗಿ ಬೆಳಗುತ್ತದೆ. ಲೆನ್ಸ್ ಬಿಚ್ಚಿ ಅಲಗು ತೊಳೆಯುವ ಕೆಲಸವಿದು, ಹೊರಗಿನಿಂದ ಏನನ್ನಾದರೂ ಸಿಂಪಡಿಸಿದರೆ ಗಾಜೂ ಹಾಳಾಗುತ್ತದೆ.

ಪೆಂಟಾಕ್ಸ್‌ನ ಟಾಕುಮಾರ್ 50 ಎಂಎಂ ಎಫ್ 1.4 ಲೆನ್ಸಿನ ಏಳು ಗಾಜಿನ ಮಾದರಿ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಗಾಜಿನಲ್ಲಿ ಬೆರೆಸಿದ ಥೋರಿಯಂನ ವಿಕಿರಣದಿಂದ ಆದ ಹಳದಿ ಅದು. ಅಲ್ಟ್ರಾವಯಲೆಟ್ ಎಲ್‌ಇಡಿಯ ಕೆಳಗೆ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ. ಬಿಸಿಲೂ ಆಗುತ್ತದೆ, ಆದರೆ ಲೆನ್ಸ್ ಬಿಸಿಲನ್ನು ಒಂದೆಡೆ ಸೇರಿಸಿ ಬೆಂಕಿ ಹಚ್ಚಬಲ್ಲದು. ಅಡಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಹತ್ತಿರವೇ ಇರಿ. ಕಪ್ಪು ಬಿಳುಪು ರೀಲಿಗೆ ಮಾತ್ರ ಬಳಸುವವರು ಸುಮ್ಮನೆ ಬಿಟ್ಟರೂ ನಡೆದೀತು, ಪುಕ್ಕಟೆ ಹಳದಿ ಫಿಲ್ಟರ್ ಸಿಕ್ಕಂತೆ.

ಶಟರ್

ರೀಲಿಲ್ಲದೆ ಹಿಂಬಾಗಿಲು ತೆರೆದು, ಲೆನ್ಸ್ ತೆಗೆದು, ಶಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟು, ಹಿಂದಿನಿಂದ ಹಗಲಿನ ಆಕಾಶ ನೋಡುತ್ತಾ ಕ್ಲಿಕ್ಕಿಸಿ. ಚೌಕಟ್ಟಿನ ಎರಡೂ ಅಂಚಿನವರೆಗೆ ಬೆಳಕು ಕಾಣಬೇಕು. ಒಂದು ಪಕ್ಕ ಕತ್ತಲಾಗಿದ್ದರೆ ಶಟರಿನ ಎರಡು ಪರದೆಗಳಲ್ಲಿ ಮುಚ್ಚುವ ಎರಡನೆಯದು ತೆರೆಯುವ ಮೊದಲನೆಯದನ್ನು ದಾರಿಯಲ್ಲೇ ಹಿಡಿದುಬಿಡುತ್ತಿದೆ. ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ಬೆಳಕಿನಲ್ಲಿ ಈ ಪರೀಕ್ಷೆ ಬೇಡ, ಅವುಗಳ ಮಿನುಗೇ ಪಟ್ಟೆಗಳಾಗಿ ಕಂಡು ದಾರಿ ತಪ್ಪಿಸುತ್ತದೆ.

ನಿಧಾನದ ವೇಗಗಳನ್ನು ಮೊಬೈಲಿನಲ್ಲೇ ಅಳೆಯಬಹುದು. ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಹಿಂಬದಿಯಿಂದ ಚಿತ್ರೀಕರಿಸಿ, ಬೆಳಕು ಕಾಣುವ ಫ್ರೇಮುಗಳನ್ನು ಎಣಿಸಿ. 1/30ಕ್ಕೆ 8, 1/8ಕ್ಕೆ 30, ಒಂದು ಸೆಕೆಂಡಿಗೆ 240 ಬರಬೇಕು. 1/30ರಲ್ಲಿ 11 ಬಂದರೆ ಅರ್ಧ ಸ್ಟಾಪಿನಷ್ಟು ನಿಧಾನ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ನೆಗೆಟಿವ್ ಫಿಲ್ಮ್ ಅದನ್ನು ಸಹಿಸುತ್ತದೆ, ನೇರವಾಗಿ ಪಾಸಿಟಿವ್ ಚಿತ್ರ ಕೊಡುವ ಸ್ಲೈಡ್ ಫಿಲ್ಮ್ ಸಹಿಸುವುದಿಲ್ಲ. 1/60ಕ್ಕಿಂತ ವೇಗದ್ದು ಈ ವಿಧಾನಕ್ಕೆ ಸಿಗದು. ಒಂದು ಸೆಕೆಂಡಿನಲ್ಲಿ ಶಟರ್ ಅರ್ಧಕ್ಕೇ ತಡವರಿಸಿದರೆ ಒಳಗಿನ ಗ್ರೀಸು ಗಟ್ಟಿಯಾಗಿದೆ. ದಿನಕ್ಕೊಮ್ಮೆ ಇಪ್ಪತ್ತು ಮೂವತ್ತು ಸಲ ಕ್ಲಿಕ್ಕಿಸಿದರೆ ಎಷ್ಟೋ ಬಾಡಿಗಳು ಚೇತರಿಸಿಕೊಳ್ಳುತ್ತವೆ, ಆಗದಿದ್ದರೆ ರಿಪೇರಿಯವರ ಬಳಿ ಒಯ್ಯಿರಿ.

ಸೆಲ್ ಮತ್ತು ಮೀಟರ್

ಸೆಲ್ ಸೋರಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಹತ್ತಿಕಡ್ಡಿಗೆ ಎರಡು ಹನಿ ವಿನೆಗರ್ ತಾಕಿಸಿ ಉಜ್ಜಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಕೆ1000ಕ್ಕೆ ಒಂದು ಎಲ್‌ಆರ್44 ಸಾಕು. ಆ ಕ್ಯಾಮೆರಾಕ್ಕೆ ಮೀಟರ್ (ಬೆಳಕು ಅಳೆಯುವ ಸಾಧನ) ಸ್ವಿಚ್ಚೇ ಇಲ್ಲ. ಲೆನ್ಸ್ ಮುಚ್ಚಳ ಹಾಕದಿದ್ದರೆ ಸೆಲ್ ಸುಮ್ಮನೆ ಖಾಲಿಯಾಗುತ್ತದೆ.

ಮಿನೋಲ್ಟಾ ಎಸ್‌ಆರ್‌ಟಿ 101, ಒಲಿಂಪಸ್ ಓಎಂ-1, ಕ್ಯಾನನ್ ಎಫ್‌ಟಿಬಿ ಇವು 1.35 ವೋಲ್ಟಿನ ಪಾದರಸದ ಸೆಲ್‌ಗೆ ಹೊಂದಿಸಿದವು, ಆ ಸೆಲ್ ಈಗ ತಯಾರಾಗುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕನ್ನು ತೋರಿಸಿ ಚಿತ್ರ ಕಪ್ಪಾಗುತ್ತದೆ. ಸೆಲ್ ಹಳತಾದಂತೆ ವೋಲ್ಟೇಜೂ ಇಳಿಯುವುದರಿಂದ ತಪ್ಪಿನ ಪ್ರಮಾಣವೂ ಬದಲಾಗುತ್ತಾ ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ, ಹಿಯರಿಂಗ್ ಏಡ್‌ಗೆ ಹಾಕುವ 675 ಜಿಂಕ್ ಏರ್ ಸೆಲ್ ಇದಕ್ಕೆ ಅಗ್ಗದ ಪರಿಹಾರ. ಅದು 1.4 ವೋಲ್ಟ್. ಅಗಲ ಕಡಿಮೆ, ಸುತ್ತ ಒಂದು ರಬ್ಬರ್ ರಿಂಗ್ ಬೇಕು. ಸ್ಟಿಕರ್ ಕಿತ್ತ ಮೇಲೆ ಐದು ನಿಮಿಷ ಗಾಳಿಗಿಟ್ಟು ಹಾಕಿ; ಕೆಲವು ತಿಂಗಳಷ್ಟೇ ಬಾಳುತ್ತದೆ. ಸ್ಪಾಟ್‌ಮ್ಯಾಟಿಕ್‌ನವರಿಗೆ ಈ ತಲೆನೋವಿಲ್ಲ, ಅದರ ಬ್ರಿಡ್ಜ್ ಸರ್ಕ್ಯೂಟ್ ವೋಲ್ಟೇಜ್ ವ್ಯತ್ಯಾಸವನ್ನು ಲೆಕ್ಕಿಸುವುದಿಲ್ಲ.

ಒಂದೇ ಸಮನಾಗಿ ಬೆಳಕು ಬಿದ್ದ ಗೋಡೆಯ ಮುಂದೆ ಮೊಬೈಲಿನ ಲೈಟ್ ಮೀಟರ್ ಆ್ಯಪ್ ಜೊತೆ ಹೋಲಿಸಿ. ಬಿಸಿಲಲ್ಲೂ ನೆರಳಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಎಎಸ್‌ಎ (ಫಿಲ್ಮ್ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ಅಂಕಿಯ) ಡಯಲ್ಲಿನಲ್ಲೇ ಸರಿದೂಗಿಸಬಹುದು: ಒಂದು ಸ್ಟಾಪ್ ಕಡಿಮೆ ಕೊಡುತ್ತಿದ್ದರೆ 400ರ ಫಿಲ್ಮಿಗೆ 200 ಇಡಿ. ಮುಳ್ಳು ಕುಣಿಯುತ್ತಿದ್ದರೆ ಮೀಟರನ್ನು ಮರೆತುಬಿಡಿ. ನಿಚ್ಚಳ ಬಿಸಿಲಿಗೆ ಎಫ್ 16, 100ರ ಫಿಲ್ಮಿಗೆ 1/125. ಎಷ್ಟೋ ಜನ ಇದರಲ್ಲೇ ಚಂದದ ಚಿತ್ರ ತೆಗೆಯುತ್ತಾರೆ.

ಸ್ಪಂಜು ಬದಲಿಸುವುದು

ಹಿಂಬಾಗಿಲಿನ ಸುತ್ತ ಬೆಳಕು ತಡೆಯುವ ಸ್ಪಂಜು ಇಷ್ಟು ವರ್ಷಗಳಲ್ಲಿ ಡಾಂಬರಿನಂತೆ ಅಂಟಂಟಾಗಿರುತ್ತದೆ ಅಥವಾ ಪುಡಿಯಾಗಿರುತ್ತದೆ. ಬೇಕಾಗುವುದು: ಒಂದೂವರೆ ಎಂಎಂ ದಪ್ಪದ ಅಂಟಿರುವ ಕಪ್ಪು ಫೋಮ್, ಕಪ್ಪು ಉಲ್ಲನ್ ದಾರ, 99 ಶೇಕಡಾ ಐಸೋಪ್ರೊಪೈಲ್, ಬಿದಿರಿನ ಕಡ್ಡಿಗಳು, ಹತ್ತಿಕಡ್ಡಿ, ಸ್ಟೀಲ್ ಸ್ಕೇಲ್, ಹರಿತವಾದ ಕಟ್ಟರ್. ಲೋಹದ ಚೂಪು ಸಾಮಾನು ಬೇಡ, ಬಣ್ಣ ಕಿತ್ತುಹೋಗುತ್ತದೆ.

ಶಟರ್ ಪರದೆಯ ಮೇಲೆ ಕಾಗದ ಮುಚ್ಚಿ. ಹತ್ತಿಕಡ್ಡಿಯಲ್ಲಿ ಆಲ್ಕೋಹಾಲ್ ಸವರಿ ಎರಡು ನಿಮಿಷ ಬಿಟ್ಟು ಕಡ್ಡಿಯಿಂದ ಕೆರೆಯಿರಿ. ಕ್ಯಾಮೆರಾವನ್ನು ತೆರೆದ ಬದಿ ಕೆಳಗಾಗಿ ಹಿಡಿದರೆ ಪುಡಿ ಒಳಕ್ಕೆ ಬೀಳುವುದಿಲ್ಲ. ಮೇಲಿನ, ಕೆಳಗಿನ ತೋಡುಗಳಿಗೆ ಉಲ್ಲನ್ ದಾರ ಒಳ್ಳೆಯದು. ಅಂಟಿನ ತಾಪತ್ರಯವಿಲ್ಲ, ದಪ್ಪ ತಾನೇ ಹೊಂದಿಕೊಳ್ಳುತ್ತದೆ. ಕೀಲಿನ ಪಕ್ಕಕ್ಕೆ ಅಗಲದ ಫೋಮ್ ಪಟ್ಟಿ. ಅಂಟಿನ ಬದಿಗೆ ಚೂರು ನೀರು ಸವರಿಕೊಂಡರೆ ಸರಿಯಾದ ಜಾಗಕ್ಕೆ ಜಾರಿಸಿ ಕೂರಿಸಲು ಸಮಯ ಸಿಗುತ್ತದೆ. ಬಾಗಿಲನ್ನು ಬಲವಂತವಾಗಿ ಮುಚ್ಚಬೇಕಾದರೆ ಫೋಮ್ ದಪ್ಪವಾಯಿತು ಎಂದೇ ಲೆಕ್ಕ.

ಕನ್ನಡಿ ಮೇಲೆದ್ದಾಗ ಬಡಿಯುವ ಜಾಗದಲ್ಲೂ ಒಂದು ಪಟ್ಟಿ ಇರುತ್ತದೆ. ಹಳೆಯದರ ದಪ್ಪ ಅಳೆದುಕೊಂಡೇ ತೆಗೆಯಿರಿ. ಹೊಸದು ದಪ್ಪವಾದರೆ ಕನ್ನಡಿ ಪೂರ್ತಿ ಏಳದೆ ಚಿತ್ರದ ಅಂಚು ಕತ್ತರಿಸುತ್ತದೆ. ಇಲ್ಲಿ ಹತ್ತಿಕಡ್ಡಿ ತೇವವಾಗಿದ್ದರೆ ಸಾಕು, ತೊಟ್ಟಿಕ್ಕಬಾರದು: ಪಕ್ಕದಲ್ಲೇ ಫೋಕಸಿಂಗ್ ಸ್ಕ್ರೀನ್ ಇದೆ, ಒಳಗೆ ಹರಿದ ಆಲ್ಕೋಹಾಲ್ ಕಲೆ ಉಳಿಸುತ್ತದೆ. ಕನ್ನಡಿಯನ್ನಂತೂ ಮುಟ್ಟಲೇಬೇಡಿ. ಅದರ ಲೇಪ ಗಾಜಿನ ಮೇಲ್ಮೈಯಲ್ಲೇ ಇದೆ, ಒರೆಸಿದರೆ ಗೀರು ಬೀಳುತ್ತದೆ. ಧೂಳಿಗೆ ಕೈಪಂಪಿನ ಗಾಳಿ ಸಾಕು. ಕನ್ನಡಿಯ ಮೇಲಿನ ಕೊಳೆ ಫಿಲ್ಮಿನ ಮೇಲೆ ಬರುವುದೂ ಇಲ್ಲ.

ಪರೀಕ್ಷೆಯ ರೀಲು

ಕಲರ್ ನೆಗೆಟಿವ್ ಹಾಕಿ. ಬಾಗಿಲು ಮುಚ್ಚಿದ ಮೇಲೆ ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ಎಳೆದುಕೊಳ್ಳಿ. ಲಿವರ್ ಎಳೆದಾಗಲೆಲ್ಲ ಆ ಹಿಡಿ ತಿರುಗದಿದ್ದರೆ ಫಿಲ್ಮ್ ಸಾಗುತ್ತಿಲ್ಲ. ಬರಿಯ ಆಕಾಶವನ್ನು 1/1000, 1/500, 1/250ರಲ್ಲಿ ಒಂದೊಂದು ತೆಗೆಯಿರಿ, ಅಸಮ ಶಟರ್ ಅಲ್ಲೇ ಸಿಕ್ಕಿಬೀಳುತ್ತದೆ. ಓರೆಯಾಗಿ ಹಾಸಿದ ದಿನಪತ್ರಿಕೆಯ ಒಂದು ಸಾಲಿಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು, ಒಂದು ಮೀಟರ್ ದೂರದಿಂದ ಇನ್ನೊಂದು. ನಡುವೆ ಒಮ್ಮೆ ಮುಚ್ಚಳ ಹಾಕಿ ಕ್ಯಾಮೆರಾವನ್ನು ಹತ್ತು ನಿಮಿಷ ಬಿಸಿಲಲ್ಲಿ ಹೊರಳಿಸಿ ಇಡಿ, ಬೆಳಕು ಸೋರುತ್ತಿದ್ದರೆ ಫಿಲ್ಮಿನಲ್ಲಿ ಕಾಣುತ್ತದೆ.

ಲ್ಯಾಬಿನವರಿಗೆ ನೆಗೆಟಿವ್ ಕತ್ತರಿಸದೆ ಕೊಡಲು ಹೇಳಿ, ಸ್ಕ್ಯಾನ್ ಮಾತ್ರ ನೋಡಿದರೆ ಕಾರಣ ತಿಳಿಯುವುದಿಲ್ಲ. ಬೆಳಕಿನ ಕಲೆ ಫ್ರೇಮುಗಳ ನಡುವಿನ ಜಾಗಕ್ಕೂ ರಂಧ್ರಗಳ ಅಂಚಿಗೂ ಹರಡಿ, ಚಿತ್ರದಲ್ಲಿ ಕೆಂಪು, ಕಿತ್ತಳೆಯಾಗಿ ಬಂದಿದ್ದರೆ ಬಾಗಿಲಿನ ಸ್ಪಂಜು ಇನ್ನೂ ಸೋರುತ್ತಿದೆ. ಕೆಂಪಿಗೆ ಸ್ಪಂದಿಸುವ ಪದರ ಫಿಲ್ಮಿನ ಬೆನ್ನಿಗೆ ಹತ್ತಿರವಿರುವುದೇ ಆ ಬಣ್ಣಕ್ಕೆ ಕಾರಣ. ಕಲೆ ಫ್ರೇಮಿನೊಳಗೆ ಮಾತ್ರ ನಿಂತಿದ್ದರೆ ಶಟರ್ ಪರದೆಯಲ್ಲಿ ಸಣ್ಣ ತೂತನ್ನು ಹುಡುಕಿ. ಫ್ರೇಮುಗಳು ಒಂದರ ಮೇಲೊಂದು ಏರಿದ್ದರೆ ದೋಷ ಫಿಲ್ಮ್ ಎಳೆಯುವ ಗಿಯರಿನದು, ಅದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ.